ನಡುವೆ ನಿಂತ ಹುಡುಗ

ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' (1935) ಕಾದಂಬರಿಯನ್ನು ನೀವು ಓದಿರದಿದ್ದರೂ, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್'ನಲ್ಲಿ ಆ ಸ್ವಾಮಿಯನ್ನು ನೋಡಿರುತ್ತೀರಿ. ಅದು 1986ರಲ್ಲಿ ದೂರದರ್ಶನದಲ್ಲಿ ಬಂದಿತ್ತು. ತರಗತಿಗೆ ಹೊಸದಾಗಿ ಸೇರಿದ ರಾಜಂನಿಗೂ ಪುಂಡ ಮಣಿಗೂ ಹಗೆ. ಇಬ್ಬರಲ್ಲಿ ನೇರ ಮಾತಿಲ್ಲ. ಒಬ್ಬನ ಸವಾಲನ್ನು ಇನ್ನೊಬ್ಬನಿಗೆ ಮುಟ್ಟಿಸುವವನು ಸ್ವಾಮಿ. ಕೊನೆಗೆ ಒಬ್ಬ ಏರ್‌ಗನ್, ಒಬ್ಬ ದೊಣ್ಣೆ ಹಿಡಿದು ಸರಯೂ ನದಿಯ ದಡಕ್ಕೆ ಬರುತ್ತಾರೆ. ಮುಖಾಮುಖಿ ಮಾತಾಡಿದ ಮೇಲೆ ಜಗಳಕ್ಕೆ ಗಟ್ಟಿಯಾದ ಕಾರಣವೇ ಉಳಿಯುವುದಿಲ್ಲ. ರಾಜಂ ತಂದಿದ್ದ ಬಿಸ್ಕತ್ತು ಎಲ್ಲರಿಗೂ ಸಿಗುತ್ತದೆ.

ಇದರಲ್ಲಿ ಸ್ವಾಮಿಯ ತಪ್ಪೆಷ್ಟು?

ದೊಡ್ಡಬಳ್ಳಾಪುರದ ಕಡೆ, ಮಗ್ಗದ ಸದ್ದು ನಿಲ್ಲದ ಒಂದು ಓಣಿಯಲ್ಲಿ ಇಬ್ಬರು ಓರಗಿತ್ತಿಯರು ಮಾತು ಬಿಟ್ಟಿದ್ದರು. ಗೋಡೆ ಒಂದೇ, ಬಾಗಿಲು ಎರಡು. "ಹೋಗಿ ನಿಮ್ಮ ದೊಡ್ಡಮ್ಮನಿಗೆ ಹೇಳು" ಎಂದು ಹತ್ತು ವರ್ಷದ ಹುಡುಗನನ್ನು ಕಳುಹಿಸುವುದು, ಅಲ್ಲಿಂದ ಬಿಸಿಬಿಸಿ ಉತ್ತರ ತರಿಸುವುದು. ಧರ್ಮೋಪದೇಶ ತರಗತಿ ಮುಗಿದ ಮೇಲೆ ಆ ಹುಡುಗ ನನ್ನನ್ನು ಕೇಳಿದ: "ಫಾದರ್, ನಾನು ಸುಳ್ಳು ಹೇಳಿಲ್ಲ. ಅವರು ಹೇಳಿದ್ದನ್ನೇ ಹೇಳಿದೆ. ಆದ್ರೂ ಇಬ್ರೂ ನನ್ನನ್ನೇ ಬೈತಾರೆ."

ಗುರುಮಠದಲ್ಲಿ ಓದಿದ್ದು ನೆನಪಾಯಿತು. ಸಂತ ತೋಮಸ್ ಅಕ್ವಿನಾಸರು ಚಾಡಿಯನ್ನು ಬೆನ್ನ ಹಿಂದಿನ ನಿಂದೆಗಿಂತ ದೊಡ್ಡ ಪಾಪವೆನ್ನುತ್ತಾರೆ. ನಿಂದೆ ಮಾನವನ್ನು ಕಳೆದರೆ ಚಾಡಿ ಸ್ನೇಹವನ್ನೇ ಕಳೆಯುತ್ತದೆ. ಮಾನಕ್ಕಿಂತ ಸ್ನೇಹ ಹೆಚ್ಚು. ಆದರೆ ಸ್ನೇಹ ಮುರಿಯುವ ಉದ್ದೇಶವಿದ್ದರೆ ಮಾತ್ರ ಅದು ಚಾಡಿ. ಸ್ವಾಮಿಗಾಗಲಿ ಈ ಹುಡುಗನಿಗಾಗಲಿ ಆ ಉದ್ದೇಶ ಎಲ್ಲಿತ್ತು? ಹೊರೆ ಕಳುಹಿಸಿದವರದು. ಮಗುವಿನ ಬಾಯಿಯನ್ನು ಬಾಡಿಗೆಗೆ ಪಡೆದು ತಾವು ಮಾತ್ರ ಮರ್ಯಾದಸ್ಥರಾಗಿ ಉಳಿಯುವವರು ನಾವು. (ದೇವಾಲಯ ಸಮಿತಿಗಳಲ್ಲೂ ಇದನ್ನು ಕಂಡಿದ್ದೇನೆ; ಅಲ್ಲಿ ಬಾಡಿಗೆಯ ಬಾಯಿ ಅನೇಕ ಸಲ ಗುರುಗಳದೇ.)

ಜರ್ಮನಿಯ ಎರಿಕ್ ಕೆಸ್ಟ್ನರ್ 1933ರಲ್ಲಿ 'ಹಾರುವ ತರಗತಿ' ಎಂಬ ಕಥೆ ಬರೆದರು. 1954ರಲ್ಲಿ ಅದು ಚಲನಚಿತ್ರವೂ ಆಯಿತು. ಎರಡು ಶಾಲೆಗಳ ಹುಡುಗರ ಕಾದಾಟ. ಕಥೆಯಲ್ಲಿ ಒಂದು ಗುಂಪು ಪಂದ್ಯದಲ್ಲಿ ಸೋತರೂ ಒಪ್ಪಂದದಂತೆ ಸೆರೆಯಾಳನ್ನು ಬಿಡುವುದಿಲ್ಲ. ಆ ಗುಂಪಿನ ನಾಯಕ ನಾಚಿ ಎದುರಾಳಿಗಳ ಬಳಿಗೆ ಬರುತ್ತಾನೆ, ತನ್ನನ್ನೇ ಸೆರೆ ಹಿಡಿಯಿರಿ ಎನ್ನುತ್ತಾನೆ. ಯಾರ ಕೈಲೂ ಹೇಳಿ ಕಳುಹಿಸಲಿಲ್ಲ, ತಾನೇ ಬಂದ. ಸಹೋದರನ ತಪ್ಪನ್ನು ಅವನೊಬ್ಬನೇ ಇರುವಾಗ ನೀನೇ ಹೋಗಿ ತಿಳಿಸು ಎಂದು ಮತ್ತಾಯನ ಶುಭಸಂದೇಶದ ಹದಿನೆಂಟನೇ ಅಧ್ಯಾಯ ಹೇಳುವುದೂ ಈ ನಡಿಗೆಯನ್ನೇ.

ಹುಡುಗನಿಗೆ ಒಂದು ಮಾತು ಹೇಳಿಕೊಟ್ಟೆ: "ನೀವೇ ಹೋಗಿ ಕೇಳಿ, ಅಮ್ಮ." ಹಾಗಂದದ್ದಕ್ಕೆ ಮನೆಯಲ್ಲಿ ಅವನಿಗೆ ಏಟು ಬಿತ್ತು. ಮರುದಿನ ಸಂಜೆ ಅವನ ತಾಯಿ ನನ್ನಲ್ಲಿಗೆ ಬಂದು, "ಮಗನಿಗೆ ಎದುರುತ್ತರ ಕಲಿಸಿದ್ದೀರಾ ಫಾದರ್?" ಎಂದರು. ಹೌದೆಂದೆ. ಬಹಳ ಹೊತ್ತು ಸುಮ್ಮನಿದ್ದು, "ಅಕ್ಕ ಮನೇಲಿ ಇರ್ತಾರಾ ಈಗ?" ಎಂದು ಕೇಳಿದರು.