ಸಿಡಿಯದ ಕೇಪು

ಅಜ್ಜನ ಕೋವಿ ಈಗ ಪೊಲೀಸ್ ಠಾಣೆಯಲ್ಲಿದೆ. ಲೈಸೆನ್ಸು ಅಪ್ಪನ ಹೆಸರಿನಲ್ಲಿತ್ತು. ಅವರು ತೀರಿಕೊಂಡ ಮೇಲೆ ಅದನ್ನು ಮನೆಯಲ್ಲಿಟ್ಟುಕೊಳ್ಳುವಂತಿರಲಿಲ್ಲ, ಒಪ್ಪಿಸಿ ರಸೀದಿ ತಂದೆ. ವಾರಸುದಾರನಾಗಿ ನಾನು ಅರ್ಜಿ ಹಾಕಿದರೆ ಅದು ಮರಳಿ ಸಿಗಬಹುದು. ಅರ್ಜಿಯ ನಮೂನೆ ಎರಡು ತಿಂಗಳಿಂದ ನನ್ನ ಚೀಲದಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ಮುದುಡಿ ಬಿದ್ದಿದೆ. ಅದರಲ್ಲಿ ಆಯುಧ ಯಾವ ಉದ್ದೇಶಕ್ಕೆ ಬೇಕು ಎಂದು ಕೇಳುವ ಒಂದು ಕಾಲಂ ಇದೆ. ನಾನು ಸಿಕ್ಕಿಕೊಂಡಿರುವುದು ಅಲ್ಲಿ.

ಅದು ಒಂಟಿ ನಳಿಗೆಯ ಕೇಪಿನ ಕೋವಿ. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ತುರುಕಿ, ಕೊನೆಗೆ ಹಿಂಬದಿಯ ಮೊನೆಗೆ ತಾಮ್ರದ ಪುಟ್ಟ ಟೋಪಿಯಂಥ ಕೇಪು ಕೂರಿಸಬೇಕು. ಕುದುರೆ ಬಂದು ಕೇಪಿಗೆ ಬಡಿದರೆ ಅದರ ಕಿಡಿ ಮೊನೆಯ ಸಣ್ಣ ತೂತಿನಿಂದ ಒಳಗಿಳಿದು ಮದ್ದನ್ನು ಹೊತ್ತಿಸುತ್ತದೆ. ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ಆಚೆ, ಗುಡ್ಡಕ್ಕೆ ತಾಗಿದಂತೆ ನಮ್ಮ ಹೊಲ. ಹಂದಿ ಕಾಯಲು ಅಜ್ಜ ಈ ಕೋವಿ ಇಟ್ಟುಕೊಂಡಿದ್ದರು. ಹಂದಿ ಹೊಡೆದರೆ ಅಪರಾಧ, ಲೈಸೆನ್ಸಿನಲ್ಲಿ ಮಾತ್ರ ‘ಬೆಳೆ ರಕ್ಷಣೆ’. ಈ ಎರಡರ ನಡುವೆ ನಮ್ಮ ಕಡೆಯ ರೈತರು ಹೇಗೋ ದಾರಿ ಮಾಡಿಕೊಂಡು ಬದುಕಿದ್ದಾರೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ಅದರಿಂದ ಒಂದು ಮಡಕೆ ಒಡೆದಿದ್ದೇನೆ. ಹೆಗಲಿಗೆ ಗುದ್ದು, ಕಣ್ಣೆದುರು ಬಿಳಿ ಹೊಗೆ, ಗಂಧಕದ ವಾಸನೆ. ಹೊಗೆ ಸರಿದಾಗ ಮಡಕೆ ಇರಲಿಲ್ಲ. ಅಂಥ ಸುಖವನ್ನು ಆಮೇಲೆ ನನಗೆ ಕವಿತೆಯೂ ಕೊಟ್ಟಿಲ್ಲ. ಇದನ್ನು ಸಾಹಿತ್ಯ ಪತ್ರಿಕೆಯಲ್ಲಿ ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ.

ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ ಇದೇ ಸುಖವನ್ನು ಹವ್ಯಾಸ ಮಾಡಿಕೊಂಡಿದ್ದಾನೆ. ಅವನ ಬಳಿ ಇರುವುದು ಇಟಲಿಯಲ್ಲಿ ತಯಾರಾದ, ಹತ್ತೊಂಬತ್ತನೆಯ ಶತಮಾನದ ಕೇಪಿನ ಬಂದೂಕಿನ ಪಡಿಯಚ್ಚು. ವಾರಾಂತ್ಯದಲ್ಲಿ ಅದರ ಮೊನೆ ಬದಲಿಸುತ್ತಾನೆ, ಟ್ರಿಗರಿನ ಬಿಗಿ ಸಡಿಲ ಮಾಡುತ್ತಾನೆ, ಮದ್ದನ್ನು ಚಿನ್ನದಂತೆ ತೂಗುತ್ತಾನೆ, ಕಾಗದದ ಗುರಿಗೆ ಹೊಡೆಯುತ್ತಾನೆ. ಇಂಥ ಬಂದೂಕುಗಳಿಗೆ ಅಂತರರಾಷ್ಟ್ರೀಯ ಸ್ಪರ್ಧೆಗಳೂ ಇವೆ: 30 ನಿಮಿಷದಲ್ಲಿ 13 ಈಡು, ಅದರಲ್ಲಿ ಚೆನ್ನಾಗಿ ಬಿದ್ದ 10 ಮಾತ್ರ ಲೆಕ್ಕಕ್ಕೆ. ಮೂರು ತಪ್ಪಿಗೆ ಮೊದಲೇ ಕ್ಷಮೆ ಕೊಟ್ಟ ಆಟ. “ಒಂದು ಈಡಿಗೂ ಇನ್ನೊಂದಕ್ಕೂ ನಡುವೆ ಎರಡು ನಿಮಿಷ ಸಿಗುತ್ತೆ ಕಣೋ, ಅದು ಧ್ಯಾನ ಇದ್ದ ಹಾಗೆ” ಎನ್ನುತ್ತಾನೆ. ನಿಧಾನದ ಆಯುಧ ಮನುಷ್ಯನನ್ನೂ ನಿಧಾನ ಮಾಡುತ್ತದೆ ಎಂಬುದು ಅವನ ವಾದ.

ನನಗೂ ಈ ವಾದ ಇಷ್ಟ, ಆದರೆ ಅದು ನಿಜವಲ್ಲ. ಮಡಕೆ ಒಡೆದ ದಿನ ಅಜ್ಜ ಎರಡನೆಯ ಈಡು ತುಂಬುವಷ್ಟು ಹೊತ್ತೂ ನನ್ನ ಕೈ ತುರಿಸುತ್ತಿತ್ತು. ಕಾದದ್ದರಿಂದ ಆಸೆ ಇಳಿಯಲಿಲ್ಲ, ಏರಿತು. ಈ ಕೇಪು ಹುಟ್ಟಿದ್ದೇ ಕಾಯಲಾರದವರ ಕೈಯಲ್ಲಿ. ಅಲೆಕ್ಸಾಂಡರ್ ಫಾರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಗೆ ಬಾತುಕೋಳಿ ಶಿಕಾರಿಯ ಹುಚ್ಚು. ಅವನ ಕಾಲದ ಬಂದೂಕಿನಲ್ಲಿ ಚಕಮಕಿ ಕಲ್ಲಿನ ಕಿಡಿ ಮೊದಲು ಹೊರಗೆ ಮಿಂಚಿ, ಆಮೇಲೆ ಗುಂಡು ಹಾರುತ್ತಿತ್ತು. ಆ ಮಿಂಚು ಕಂಡ ಹಕ್ಕಿ ಪಾರಾಗಿಬಿಡುತ್ತಿತ್ತು. ಆ ಕ್ಷಣವನ್ನು ಇಲ್ಲವಾಗಿಸಲು ಅವನು ಬಡಿದರೆ ಸಿಡಿಯುವ ರಾಸಾಯನಿಕವನ್ನು ಬಳಸಿದ. 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಕೇಪು ಆಮೇಲೆ ಬಂತು. ಬಂದೂಕನ್ನು ಹದಗೊಳಿಸುವುದೆಂದರೆ ಅಂದಿನಿಂದಲೂ ಇಷ್ಟೇ: ಬೆರಳು ಬಯಸಿದ್ದಕ್ಕೂ ಆಗುವುದಕ್ಕೂ ನಡುವಿನ ಸಂದನ್ನು ಮುಚ್ಚುತ್ತ ಹೋಗುವುದು.

ಅಜ್ಜನ ಕೋವಿಯಲ್ಲಿ ಆ ಸಂದು ಇತ್ತು. ಮೊನೆ ಸವೆದಿತ್ತು, ನಾಲ್ಕು ಸಲ ಕೇಪು ಬಡಿದರೆ ಒಂದು ಸಲ ಹುಸಿ. ಅಜ್ಜ ಅದನ್ನು ಬದಲಿಸಲಿಲ್ಲ. ಜಿಪುಣ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಅಜ್ಜ ಹೋಗಿ ಎಷ್ಟೋ ವರ್ಷದ ಮೇಲೆ, ಆಸ್ಪತ್ರೆಯಲ್ಲಿ ಮಲಗಿದ್ದ ಅಪ್ಪ ಒಂದು ರಾತ್ರಿ ಹೇಳಿದರು. ಜೋಳದ ಹೊಲದಲ್ಲಿ ಬೆಳದಿಂಗಳಲ್ಲಿ ದಂಟು ಅಲುಗಿತು. ಅಜ್ಜ ಗುರಿ ಹಿಡಿದು ಕುದುರೆ ಬಿಟ್ಟರು. ಟಕ್ ಎಂದಿತು, ಅಷ್ಟೇ. ಆ ಸದ್ದಿಗೆ ಜೋಳದ ನಡುವಿನಿಂದ ಎದ್ದು ಓಡಿದ್ದು ಹಂದಿಯಲ್ಲ, ಪಕ್ಕದ ಹೊಲದವರ ಹುಡುಗ. ಕದ್ದು ಮೇವು ಕೊಯ್ಯುತ್ತಿದ್ದ. ಹನ್ನೆರಡು ವರ್ಷವಿರಬೇಕು. ಅವನಿಗೆ ಏನೂ ಗೊತ್ತಾಗಲಿಲ್ಲ. ಅಜ್ಜ ಬದುವಿನ ಮೇಲೆ ಬೆಳಗಿನವರೆಗೂ ಕೂತಿದ್ದರಂತೆ.

ಇಂಗ್ಲಿಷಿನಲ್ಲಿ ತತ್ವಶಾಸ್ತ್ರ ಓದುವ ನನ್ನ ವಿದ್ಯಾರ್ಥಿಗಳು ಇದಕ್ಕೆ ಹೆಸರು ಹೇಳಬಲ್ಲರು. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನಾಗೆಲ್ ಇದನ್ನೇ ಚರ್ಚೆಗೆ ತಂದರು, ನೈತಿಕ ಅದೃಷ್ಟ ಎಂದು. ಇಬ್ಬರು ಒಂದೇ ತಪ್ಪು ಮಾಡುತ್ತಾರೆ. ಒಬ್ಬನ ದಾರಿಗೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಒಬ್ಬ ಕೊಲೆಗಾರ, ಇನ್ನೊಬ್ಬ ಮನೆಗೆ ಹೋಗಿ ಊಟ ಮಾಡುತ್ತಾನೆ. ಮನಸ್ಸಿನಲ್ಲಿ ಇಬ್ಬರೂ ಒಂದೇ ಆಗಿದ್ದರೆ ನಾವೇಕೆ ಇಬ್ಬರನ್ನೂ ಒಂದೇ ಥರ ನೋಡುವುದಿಲ್ಲ? ತರಗತಿಯಲ್ಲಿ ಇದು ಚೆಂದದ ಪ್ರಶ್ನೆ. ಮನೆಯಲ್ಲಿ ಹಾಗಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಅಜ್ಜ ಆ ರಾತ್ರಿ ತನ್ನಿಂದಾಗಿ ಒಳ್ಳೆಯವರಾಗಿ ಉಳಿಯಲಿಲ್ಲ, ಒಂದು ಸವೆದ ಕಬ್ಬಿಣದ ಚೂರಿನಿಂದ ಉಳಿದರು. ಆಮೇಲೆ ಅವರು ಮೊದಲು ಕೂಗು ಹಾಕದೆ, ಆಕಾಶಕ್ಕಲ್ಲದೆ ಬೇರೆಲ್ಲೂ ಈಡು ಹಾರಿಸಲಿಲ್ಲ ಎಂದರು ಅಪ್ಪ. ಮೊನೆಯನ್ನೂ ಬದಲಿಸಲಿಲ್ಲ. ನಾನು ಅದನ್ನು ಅಜ್ಜನ ಪ್ರಾಯಶ್ಚಿತ್ತ ಎಂದು ಓದಿಕೊಂಡೆ. ಓದುವುದು ನಮ್ಮ ಕಸುಬು, ಎಲ್ಲದರಲ್ಲೂ ಅರ್ಥ ಕಾಣುತ್ತದೆ.

ಕೊಲ್ಲಲೆಂದೇ ಮಾಡಿದ ವಸ್ತು ನಿರ್ದೋಷಿಯಾಗಬಹುದೇ? ನಮ್ಮ ಜಿಲ್ಲೆಯ ಒಂದು ಭಾಗ 1997ರವರೆಗೆ ಚಿತ್ರದುರ್ಗಕ್ಕೆ ಸೇರಿತ್ತು. ಓಬವ್ವನ ಒನಕೆ ನಮಗೆ ದೂರದ್ದಲ್ಲ. ಭತ್ತ ಕುಟ್ಟಲು ಮಾಡಿದ್ದು ತಲೆ ಒಡೆಯಿತು. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಮುಡಿಸಿ ಪೂಜಿಸಿ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಕೊಲ್ಲಲು ಮಾಡಿದ್ದು ಅಲ್ಲಿ ಸುದ್ದಿ ಹೇಳುತ್ತದೆ. ಅಲ್ಲಿನವರಿಗೆ ಲೈಸೆನ್ಸಿನಿಂದ ಸಿಕ್ಕಿರುವ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಇನ್ನು ಹಲಗಲಿಯ ಬೇಡರು, ಶಾಲೆಯಲ್ಲಿ ಎಲ್ಲರೂ ಓದಿರುತ್ತೀರಿ, 1857ರಲ್ಲಿ ಆಯುಧ ಒಪ್ಪಿಸೆಂದ ಕಂಪನಿ ಸರ್ಕಾರಕ್ಕೆ ಒಪ್ಪಿಸದೆ ಊರೇ ಸುಟ್ಟುಹೋಯಿತು, ನೇಣಿಗೂ ಏರಿದರು. ನಾನು ರಸೀದಿ ತೆಗೆದುಕೊಂಡು ಬಂದವನು. ಅವರ ಹೆಸರು ಹೇಳಿ ಕೋವಿ ಕೇಳುವ ಹಕ್ಕು ನನಗಿಲ್ಲ. ನನ್ನ ಸುತ್ತ ಹಬ್ಬವೂ ಇಲ್ಲ, ಹೋರಾಟವೂ ಇಲ್ಲ. ದಾವಣಗೆರೆಯ ಮೂರನೆಯ ಮಹಡಿಯ ಬಾಡಿಗೆ ಮನೆ ಇದೆ.

ಕಳೆದ ತಿಂಗಳು ಹರಿಹರಕ್ಕೆ ಹೋಗಿದ್ದೆ. ಮೈಸೂರು ಕಿರ್ಲೋಸ್ಕರ್ ಇದ್ದ ಕಾಲದಲ್ಲಿ ಆ ಊರಿನ ಲೇತುಗಳು ದೇಶಕ್ಕೆಲ್ಲ ಹೋಗುತ್ತಿದ್ದವು. ಕಾರ್ಖಾನೆ ಮುಚ್ಚಿತು, ಕೈಗಳು ಇನ್ನೂ ಅಲ್ಲಲ್ಲಿ ಸಣ್ಣ ಶೆಡ್ಡುಗಳಲ್ಲಿವೆ. ಅಂಥ ಒಬ್ಬ ಹಿರಿಯರಿಗೆ ಕೋವಿಯ ಫೋಟೋ ತೋರಿಸಿದೆ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಹಿಗ್ಗಿಸಿ, “ಥ್ರೆಡ್ ಕೈಯಾಗ ಹಾಕ್ಯಾರ ಇದನ್ನ. ಅರ್ಧ ತಾಸಿನ ಕೆಲ್ಸ. ಆದ್ರ ಸರ್, ಪರವಾನಗಿ ಇಲ್ದ ಕೋವಿಗೆ ನಾ ಕೈ ಹಚ್ಚಂಗಿಲ್ಲ” ಎಂದರು. ನಾನು ಅಜ್ಜನ ಕಥೆ ಹೇಳಿದೆ, ಸವೆದ ಮೊನೆಯನ್ನು ಹಾಗೇ ಬಿಡಬೇಕೆನ್ನಿಸುತ್ತದೆ ಎಂದೆ. ಅವರು ನಕ್ಕರು. “ಒಮ್ಮೆ ಹಾರಿ ಒಮ್ಮೆ ಹಾರದ ಕೋವಿ ಅಂದ್ರ, ಹಿಡಿದ್ರ ಹಿಡೀತು ಬಿಟ್ರ ಬಿಡ್ತು ಅನ್ನೋ ಬ್ರೇಕಿನ ಲಾರಿ ಇದ್ದಂಗ. ನಿಮ್ಮಜ್ಜಗ ಅವತ್ತು ಒಳ್ಳೇದಾತು. ನಾಳೆ ಹಾರಲಿಲ್ಲ ಅಂತ ಬಾಯಿ ಕಡೆ ನೋಡಾಕ ಹೋದವ್ನ ಗತಿ?”

ಅವರು ಹೇಳಿದ್ದು ಸರಿ. ಕೇಪು ಸಿಡಿದ ಎಷ್ಟೋ ಹೊತ್ತಿನ ಮೇಲೆ ಒಳಗಿನ ಮದ್ದು ಹೊತ್ತಿಕೊಳ್ಳುವುದುಂಟು. ಅದಕ್ಕೇ ದೊಡ್ಡಪ್ಪನ ಮಗನ ಮೈದಾನದಲ್ಲಿ ಹುಸಿಯಾದ ಬಂದೂಕನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕೆಂಬ ನಿಯಮ. ದೋಷ ಯಾರನ್ನು ಉಳಿಸುತ್ತದೆ, ಯಾರನ್ನು ಕೊಲ್ಲುತ್ತದೆ ಎಂದು ದೋಷಕ್ಕೆ ಗೊತ್ತಿಲ್ಲ. ನಾನು ಪ್ರಾಯಶ್ಚಿತ್ತ ಎಂದುಕೊಂಡದ್ದು ಬರೀ ಜಿಪುಣತನವೇ ಇರಬಹುದು. ಹಾಗೆಂದು ಸರಿಮಾಡಿಸಿದರೆ? ಸರಿಯಾದ ಕೋವಿ ಹಿಡಿದವನಿಗೆ ನೆಪ ಉಳಿಯುವುದಿಲ್ಲ, ಹಾರಿದ್ದೆಲ್ಲ ಅವನದೇ. ದೊಡ್ಡಪ್ಪನ ಮಗ ಅಷ್ಟು ಹಾಯಾಗಿರುವುದು ಅವನ ಬಂದೂಕು ಸಾಧುವಾದ್ದರಿಂದಲ್ಲ. ಅದರ ಮುಂದೆ ಮಣ್ಣಿನ ದಿಬ್ಬವಿದೆ, ಗೆರೆಯಿದೆ, ನಿಲ್ಲು ಎನ್ನುವವನಿದ್ದಾನೆ. ಜೋಳದ ಹೊಲದಲ್ಲಿ ಮೂರು ತಪ್ಪಿನ ಕ್ಷಮೆ ಇರಲಿಲ್ಲ.

ಇನ್ನೊಂದು ದಾರಿ ಇದೆ. 1959ರ ಆಯುಧ ಕಾಯ್ದೆ ಹಳೆಯ ಆಯುಧಗಳನ್ನು ಬಿಟ್ಟುಬಿಡುತ್ತದೆ, ಆದರೆ ರಿಪೇರಿ ಮಾಡಿದರೂ ಹಾರದಂತಿದ್ದರೆ ಮಾತ್ರ. ಎಷ್ಟು ವರ್ಷದ್ದು ಎಂದಷ್ಟೇ ಕೇಳಿ ಅದು ಸುಮ್ಮನಾಗುವುದಿಲ್ಲ, ಹಾರುತ್ತದೆಯೇ ಎಂದೂ ಕೇಳುತ್ತದೆ. ಕೋವಿಯನ್ನು ಪೂರ್ತಿ ಕೊಂದರೆ ಬಹುಶಃ ಗೋಡೆಗೆ ತೂಗುಹಾಕಬಹುದು. ಅದು ನನಗೆ ಬೇಡ ಅನ್ನಿಸುತ್ತದೆ. ಅಂದರೆ ನನಗೆ ಬೇಕಿರುವುದು ಅಜ್ಜನ ನೆನಪಲ್ಲ, ಆ ಗುದ್ದು ಮತ್ತು ಆ ವಾಸನೆ. ಅರ್ಜಿಯ ಕಾಲಮ್ಮಿನಲ್ಲಿ ಅದನ್ನು ಬರೆಯುವಂತಿಲ್ಲ. ‘ಬೆಳೆ ರಕ್ಷಣೆ’ ಎಂದು ಬರೆಯೋಣವೆಂದರೆ ಹೊಲವನ್ನು ಗುತ್ತಿಗೆ ಕೊಟ್ಟಾಗಿದೆ.

ಗುತ್ತಿಗೆ ಹಿಡಿದಿರುವುದು ಅವತ್ತು ಜೋಳದೊಳಗಿಂದ ಎದ್ದು ಓಡಿದ ಆ ಹುಡುಗನೇ. ಈಗ ಮೊಮ್ಮಕ್ಕಳಿವೆ. ಅಪ್ಪನ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ನಾನು ಅಣ್ಣ ಎನ್ನುತ್ತೇನೆ. ಆ ರಾತ್ರಿಯ ಮಾತನ್ನು ಅಪ್ಪ ಅವರಿಗೆ ಹೇಳಲಿಲ್ಲ, ನಾನೂ ಹೇಳಿಲ್ಲ. ಮೊನ್ನೆ ಫೋನ್ ಮಾಡಿದ್ದರು. ಮಳೆಯ ವಿಷಯ, ಗೊಬ್ಬರದ ವಿಷಯ ಆದ ಮೇಲೆ, “ತಮ್ಮಾ, ಕೋವಿ ಬಂತೇನು ಮನಿಗೆ? ಅಜ್ಜಾರ ವಸ್ತು, ಬಿಡಬ್ಯಾಡ. ಈ ಸಲ ಹಂದಿ ಕಾಟ ಭಾಳ ಐತಿ, ರಾತ್ರಿಯೆಲ್ಲ ಹೊಲದಾಗ ನಾನಾ ಮಲಗಾಕ ಹತ್ತೀನಿ” ಎಂದರು.

ನೋಡೋಣ ಅಣ್ಣ ಎಂದೆ.