ಸಹನೆಯ ಎಲ್ಲೆ

ಸಹನೆಯು ಸದ್ಗುಣವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಬಂದ ನೋವನ್ನು ಗೊಣಗದೆ ತಾಳಿಕೊಂಡವನನ್ನು ಲೋಕವು ಗೌರವಿಸುತ್ತದೆ. ಆದರೆ ತಾಳಬೇಕಾದುದು ಯಾವುದು, ತಾಳಬಾರದುದು ಯಾವುದು ಎಂಬ ವಿವೇಚನೆಯಿಲ್ಲದಿದ್ದರೆ ಸಹನೆಯು ಸದ್ಗುಣವಾಗಿ ಉಳಿಯುವುದೇ? ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಕುಡಿಯುವ ನೀರು ಈ ಪ್ರಶ್ನೆಯನ್ನು ಮುಂದಿಟ್ಟಿದೆ.

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಮಲೆನಾಡಿನ ಮಳೆ ನೆನಪಾಗುತ್ತದೆ. ಆದರೆ ಅದರ ಮೂಡಣ ಭಾಗವು ಬಯಲುಸೀಮೆ. ಅಯ್ಯನಕೆರೆ, ಮದಗದಕೆರೆಗಳಂತಹ ಹಿರಿಯ ಕೆರೆಗಳುಳ್ಳ ನಾಡಾದರೂ, ಮಳೆ ತಪ್ಪಿ ಬಾವಿಗಳು ಬತ್ತಿದಂತೆ ಅನೇಕ ಹಳ್ಳಿಗಳಿಗೆ ಕೊಳವೆಬಾವಿಯೇ ಗತಿಯಾಯಿತು. ಆಳದ ಕಲ್ಲಿನೊಳಗಣ ಖನಿಜಗಳಿಂದ ಫ್ಲೋರೈಡ್ ಎಂಬ ಅಂಶವು ಕರಗಿ ನೀರಿಗೆ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ಜಲಮೂಲವಿಲ್ಲದೆಡೆ 1.5 ಮಿಲಿಗ್ರಾಂವರೆಗೆ ಆಗಬಹುದೆಂದೂ ಭಾರತೀಯ ಮಾನಕವು ಮಿತಿ ಹಾಕಿದೆ. ಈ ಸೀಮೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆ ಮಿತಿಯೂ ಮೀರಿದೆ. ಆದರೂ ನೀರು ತಿಳಿಯಾಗಿಯೇ ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ದೋಷವು ಹೋಗದು; ನೀರು ಇಂಗಿದಷ್ಟೂ ಅದು ಗಾಢವಾಗುತ್ತದೆ.

ಎಳೆಯ ವಯಸ್ಸಿನಲ್ಲಿ ಇಂತಹ ನೀರನ್ನು ಕುಡಿದವರ ಹಲ್ಲುಗಳ ಮೇಲೆ ಕಂದು ಕಲೆ ಮೂಡುತ್ತದೆ. ವರ್ಷಾನುವರ್ಷ ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಹೀಗೆ ಬಲಿತ ಎಲುಬಿನ ವಿಕಾರವನ್ನು ಹಿಂದಿರುಗಿಸುವ ಔಷಧವಿಲ್ಲ. ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ವ್ಯಾಧಿಯನ್ನು ವೈದ್ಯರು ಗುರುತಿಸಿ ಲೋಕಕ್ಕೆ ತಿಳಿಸಿದುದು 1937ರಲ್ಲಿ. ಆದುದರಿಂದ ಇದು ಅರಿಯದ ವಿಷಯವೇನೂ ಅಲ್ಲ.

ಹೀಗಿದ್ದರೂ, ‘ಹಿರಿಯರು ಕುಡಿದ ನೀರು, ನಮ್ಮ ಹಣೆಬರಹ’ ಎನ್ನುವವರುಂಟು. ಈ ಮಾತಿಗೆ ಸಹನೆಯ ವೇಷವಿದೆ; ಒಳಗಿರುವುದು ನಿರಾಸೆ. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನಿಂದ ಬಂದ ಕೀಳ್ಮೆಯನ್ನು ವಿಧಿಯೆಂದು ಒಪ್ಪಿ ಕುಳಿತವರಲ್ಲ. ಕಾಯಕವನ್ನೇ ಪೂಜೆಯೆಂದು ಬಗೆದ ಅವರ ಮಾರ್ಗದಲ್ಲಿ ಕಾಯವನ್ನು ಕಡೆಗಣಿಸುವುದು ವೈರಾಗ್ಯವಾಗಲಾರದು. ಬೆನ್ನು ಬಾಗಿದ ಒಕ್ಕಲಿಗನು ಕಳೆದುಕೊಳ್ಳುವುದು ದೇಹಸುಖವನ್ನಷ್ಟೇ ಅಲ್ಲ, ತನ್ನ ಕಾಯಕವನ್ನು.

ಕಲ್ಲಿನಲ್ಲಿರುವ ದೋಷಕ್ಕೆ ಮನುಷ್ಯನು ಹೊಣೆಯೇ ಎಂದು ಕೇಳಬಹುದು. ದೋಷದ ಹುಟ್ಟಿಗೆ ಅವನು ಹೊಣೆಯಲ್ಲ. ಅರಿತ ಮೇಲೆಯೂ ಅದನ್ನು ಮುಂದುವರಿಸಿದುದಕ್ಕೆ ಹೊಣೆ. ಅರಿಯುವ ಮುನ್ನ ಅದು ದುರ್ದೈವ; ಅರಿತ ಬಳಿಕ ಅದು ಆಚಾರದ ಪ್ರಶ್ನೆ. ಅರಿವು ಆಚಾರಕ್ಕೆ ಇಳಿಯದಿದ್ದರೆ ಅರಿತವನಿಗೂ ಅರಿಯದವನಿಗೂ ಭೇದವೇನು?

ಈ ನೋವಿನಲ್ಲಿ ಎರಡು ಭಾಗಗಳಿವೆ. ಆಗಿಹೋದುದು ಒಂದು, ಇನ್ನೂ ಆಗಬಹುದಾದುದು ಇನ್ನೊಂದು. ಬಾಗಿದ ಬೆನ್ನಿನ ವೃದ್ಧರಿಗೆ ಧೈರ್ಯವೂ ಆರೈಕೆಯೂ ಬೇಕು. ಸಹನೆಗೆ ಸ್ಥಾನವಿರುವುದು ಅಲ್ಲಿ. ಆ ಸಹನೆಯು ನೊಂದವರಿಗೆ ಮಾತ್ರ ಮೀಸಲಲ್ಲ. ಹಲ್ಲಿನ ಕಲೆಯನ್ನು ಕಂಡು ಹೆಣ್ಣನ್ನು ನಿರಾಕರಿಸುವ, ಬಾಲಕನನ್ನು ಹಾಸ್ಯ ಮಾಡುವ ನೆರೆಹೊರೆಯು ನೀರಿನ ದೋಷವನ್ನು ಮನುಷ್ಯನಿಗೆ ಅಂಟಿಸುತ್ತದೆ. ಆ ಕಲೆಯು ಕೊಳಕಲ್ಲ, ಪಾಪವೂ ಅಲ್ಲ. ಆದರೆ ಇಂದು ಹುಟ್ಟಿದ ಕೂಸು ಅದೇ ನೀರನ್ನು ಕುಡಿಯುವುದನ್ನು ಸಹಿಸುವುದು ಸಹನೆಯಲ್ಲ, ಉಪೇಕ್ಷೆ.

ಪರಿಹಾರಗಳಿಲ್ಲದೆ ಇಲ್ಲ. ಊರಿನ ಪ್ರತಿಯೊಂದು ಜಲಮೂಲವನ್ನೂ ಪರೀಕ್ಷೆ ಮಾಡಿಸಬೇಕು. ಮಿತಿ ಮೀರಿದ ನೀರನ್ನು ಬಟ್ಟೆ ಪಾತ್ರೆಗಳಿಗೆ ಬಳಸಿ, ಕುಡಿಯಲೂ ಅಡಿಗೆಗೂ ಶುದ್ಧ ನೀರನ್ನು ಬೇರೆ ಇಡಬೇಕು. ಮಳೆನೀರನ್ನು ಶುಚಿಯಾಗಿ ಕೂಡಿಡಬೇಕು. ಶುದ್ಧೀಕರಣ ಘಟಕವು ಕೆಟ್ಟರೆ ಅದನ್ನು ಸರಿಪಡಿಸುವವರೆಗೆ ಊರು ಸುಮ್ಮನಿರಬಾರದು. ಅಜ್ಜಂಪುರದ ಸುರಂಗದ ಮೂಲಕ ಬಯಲಿಗೆ ನೀರು ಹರಿಸುವ ಭದ್ರಾ ಮೇಲ್ದಂಡೆ ಯೋಜನೆಯಂತಹ ದೊಡ್ಡ ಕಾರ್ಯಗಳು ಅವಶ್ಯವೇ. ಆದರೆ ಅವು ಪೂರೈಸುವವರೆಗೆ ಮಗುವಿನ ಹಲ್ಲು ಕಾಯುವುದಿಲ್ಲ.

ಉಳ್ಳವನು ಮನೆಯಲ್ಲಿ ಶುದ್ಧೀಕರಣ ಯಂತ್ರವನ್ನಿಟ್ಟುಕೊಂಡು ತನ್ನ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ನೆರೆಮನೆಯ ಕೂಸು ಕೊಳವೆಬಾವಿಯ ನೀರನ್ನೇ ಕುಡಿಯುತ್ತಿರುವಾಗ ಅವನ ದಾಸೋಹವು ಪೂರ್ಣವಾಗದು. ಅನ್ನದಾಸೋಹಕ್ಕೆ ಹೆಸರಾದ ನಾಡಿನಲ್ಲಿ ಒಂದು ಕೊಡ ನಿರ್ದೋಷವಾದ ನೀರೂ ದಾಸೋಹವೇ. ತನ್ನ ನೋವನ್ನು ತಾಳುವುದು ಧೈರ್ಯವಿರಬಹುದು. ತಪ್ಪಿಸಬಹುದಾದ ಪರರ ನೋವನ್ನು ತಾಳಿಕೊಂಡಿರುವುದು ಯಾವ ಧರ್ಮವೂ ಅಲ್ಲ.