ನಾಗಾಲೋಟದ ಸಾಲ

ನಾನು ಹುಟ್ಟಿದ ರಾತ್ರಿಯ ಕಥೆಯನ್ನು ಅಮ್ಮ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. 1979ರ ಡಿಸೆಂಬರ್, ಚಿತ್ತವಾಡ್ಗಿಯಲ್ಲಿ ಕಬ್ಬು ಕಡಿಯುವ ಕಾಲ. ಹೆರಿಗೆ ಮನೆಯಲ್ಲೇ ಆದೀತು ಎಂದುಕೊಂಡಿದ್ದರು. ನಡುರಾತ್ರಿಯ ಹೊತ್ತಿಗೆ ರಕ್ತ ಹೋಗತೊಡಗಿತು. ಸೂಲಗಿತ್ತಿ ಹೆದರಿ, ತಡ ಮಾಡದೆ ಹೊಸಪೇಟೆಗೆ ಕರೆದುಕೊಂಡು ಹೋಗಿ ಎಂದಳಂತೆ. ಆ ಹೊತ್ತಿನಲ್ಲಿ ಸಿಗುವ ಗಾಡಿ ಎಂದರೆ ಓಣಿಯ ಕೊನೆಯಲ್ಲಿದ್ದ ಟಾಂಗಾ ಚಾಚಾನದು ಒಂದೇ. ಅಪ್ಪ ಹೋಗಿ ಬಾಗಿಲು ಬಡಿದರು. ಚಾಚಾ ಎದ್ದು ಬಂದು ಟಾಂಗಾ ಕಟ್ಟಿದರು. “ಕುದುರಿ ನಾಗಾಲೋಟ ಓಡಿಸಿದ್ರಪಾ. ಸೀದಾ ದವಾಖಾನಿ ಬಾಗ್ಲಾಗ ತಂದು ನಿಲ್ಲಿಸಿದ್ರು. ಬಾಡಿಗಿ ಕೊಡಾಕ ಹೋದ್ರ ಮುಟ್ಟಲೇ ಇಲ್ಲ,” ಎಂದು ಅಮ್ಮ ಕಥೆ ಮುಗಿಸುತ್ತಿದ್ದಳು. ಬೆಳಗಿನ ಜಾವ ನಾನು ಹುಟ್ಟಿದೆ. ಅಮ್ಮನೂ ಉಳಿದಳು.

ನಾಗಾಲೋಟ ಎಂಬ ಪದ ನನ್ನ ಕಿವಿಗೆ ಬಿದ್ದದ್ದು ಹೀಗೆ. ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ, ಕೃಷ್ಣದೇವರಾಯ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ಊರು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನಾಗಲಾಪುರದ ಕಡೆಗೆ ಓಡುವ ಓಟವೇ ನಾಗಾಲೋಟ ಎಂದು ನಾನು ಬಹಳ ಕಾಲ ನಂಬಿದ್ದೆ. ನಾಗಾಲು ಎಂದರೆ ನಾಲ್ಕು ಕಾಲು, ಅದು ನಾಲ್ಕು ಕಾಲಿನ ಓಟ ಎಂದು ನಿಘಂಟು ನೋಡಿ ತಿಳಿದದ್ದು ಕಾಲೇಜಿನಲ್ಲಿ. ಆ ನಾಲ್ಕು ಕಾಲುಗಳು ಯಾರವು, ಆ ರಾತ್ರಿಯ ನಂತರ ಅವು ಏನಾದವು ಎಂದು ಕೇಳಬೇಕೆನ್ನಿಸಿದ್ದು ಅದಕ್ಕೂ ಇಪ್ಪತ್ತು ವರ್ಷ ತಡವಾಗಿ. ಅದೂ ನಾನೇ ಕುದುರೆಯ ಮೇಲೆ ಕೂತ ನಂತರ.

ನಲವತ್ತೆರಡನೇ ವಯಸ್ಸಿನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸವಾರಿ ಕಲಿಯಲು ಸೇರಿದೆ. ಕಲಿಸುವವರು ಸೈನ್ಯದಲ್ಲಿ ಕುದುರೆಗಳ ಜೊತೆ ಬದುಕು ಸವೆಸಿ ನಿವೃತ್ತರಾದವರು. ಮೊದಲ ತಿಂಗಳು ಬರೀ ನಡಿಗೆ. ನಡಿಗೆಯಲ್ಲಿ ಕುದುರೆಯ ನಾಲ್ಕು ಗೊರಸುಗಳು ಒಂದಾದ ಮೇಲೊಂದು ನೆಲ ಮುಟ್ಟುತ್ತವೆ. ಕಿವಿಗೊಟ್ಟರೆ ನಾಲ್ಕು ಸದ್ದು ಬೇರೆ ಬೇರೆಯಾಗಿ ಕೇಳುತ್ತದೆ. ಆಮೇಲೆ ಕುಕ್ಕುಲೋಟ, ಅವರು ಹೇಳುತ್ತಿದ್ದಂತೆ ಟ್ರಾಟ್. ಇಲ್ಲಿ ಎಡ ಮುಂಗಾಲು ಬಲ ಹಿಂಗಾಲು ಒಂದು ಜೋಡಿ, ಬಲ ಮುಂಗಾಲು ಎಡ ಹಿಂಗಾಲು ಇನ್ನೊಂದು ಜೋಡಿ. ಜೋಡಿ ಜೋಡಿಯಾಗಿ ಕಾಲು ಬೀಳುವುದರಿಂದ ಎರಡೇ ಸದ್ದು, ಟಕ್ ಟಕ್, ಗಡಿಯಾರದ ಹಾಗೆ. ಮೇಲೆ ಕೂತವನನ್ನು ಅದು ಒನಕೆಯ ಹಾಗೆ ಎತ್ತಿ ಕುಕ್ಕುತ್ತದೆ. ಒಂದು ಸದ್ದಿಗೆ ಏಳಬೇಕು, ಇನ್ನೊಂದಕ್ಕೆ ಕೂರಬೇಕು. ಅದು ಹತ್ತಿದ ದಿನ ನಾನು ಸವಾರನಾದೆ ಎಂದುಕೊಂಡೆ.

ಮೂರನೆಯ ತಿಂಗಳು ಕ್ಯಾಂಟರ್. ಇಲ್ಲಿ ಮೂರು ಸದ್ದು. ಮೊದಲು ಒಂದು ಹಿಂಗಾಲು, ಬಳಿಕ ಇನ್ನೊಂದು ಹಿಂಗಾಲು ಮತ್ತು ಅದರ ಓರೆಯ ಮುಂಗಾಲು ಒಟ್ಟಿಗೆ, ಕೊನೆಗೆ ಉಳಿದ ಮುಂಗಾಲು. ಆಮೇಲೆ ಒಂದು ಕ್ಷಣ ಸದ್ದೇ ಇಲ್ಲ. ಆಗ ಕುದುರೆ ಪೂರ್ತಿ ಗಾಳಿಯಲ್ಲಿರುತ್ತದೆ. ಕೆಳಗಿನ ಆಸರೆ ತಪ್ಪಿದ ಆ ಕ್ಷಣದಲ್ಲಿ ನನಗೆ ಜೀವ ಬಾಯಿಗೆ ಬಂತು. ಎರಡೂ ಕಾಲುಗಳಿಂದ ಕುದುರೆಯ ಹೊಟ್ಟೆಯನ್ನು ಅವುಚಿ ಹಿಡಿದೆ, ಲಗಾಮನ್ನು ಎದೆಗೆ ಎಳೆದುಕೊಂಡೆ. ಕುದುರೆ ನಿಲ್ಲುವುದರ ಬದಲು ಇನ್ನೂ ಜೋರಾಗಿ ಓಡಿತು. ಬೇಲಿಯ ಮೂಲೆ ಬಂದಾಗ ತಾನೇ ನಿಂತಿತು, ನಾನು ಮುಂದಕ್ಕೆ ಹಾರಿ ಮರಳಿನಲ್ಲಿ ಬಿದ್ದೆ. ಎದ್ದವನೇ “ಈ ಕುದುರೆ ಮಾತು ಕೇಳಲ್ಲ ಸರ್” ಎಂದೆ. ಅವರು ನನ್ನ ಕಡೆ ನೋಡದೆ ಕುದುರೆಯ ಬಾಯಿ ಬಿಡಿಸಿ ಕಡಿವಾಣ ತಗುಲಿದ ಜಾಗವನ್ನು ನೋಡುತ್ತಿದ್ದರು. “ಕಾಲಲ್ಲಿ ಓಡು ಅಂದ್ರಿ, ಕೈಯಲ್ಲಿ ನಿಲ್ಲು ಅಂದ್ರಿ. ಎರಡರಲ್ಲಿ ಒಂದನ್ನು ಕೇಳಿದೆಯಲ್ಲ,” ಎಂದರು. ಕುದುರೆಯ ತುಟಿಯಂಚಿನಲ್ಲಿ ರಕ್ತ ಇತ್ತು.

ಆ ರಕ್ತ ನನ್ನನ್ನು ಬಹಳ ದಿನ ಕಾಡಿತು. ನನಗೆ ಹೆದರಿಕೆಯಾಗಿತ್ತು, ಅದಕ್ಕೆ ನೋವಾಗಿತ್ತು, ತಪ್ಪು ಅದರದು ಎಂದು ಹೇಳಿದ್ದು ನಾನು. ಹೇಳಲು ಬಾಯಿ ಇದ್ದದ್ದು ನನಗೊಬ್ಬನಿಗೇ. ನಾವು ಬೇಡುವ ವೇಗದಲ್ಲಿ ಇನ್ನೊಂದು ಜೀವದ ಪಾಲು ಎಷ್ಟು, ಅದಕ್ಕೆ ನಾವು ಏನನ್ನು ಕೊಡಬೇಕು ಎಂಬ ಪ್ರಶ್ನೆ ನನಗೆ ಎದುರಾದದ್ದು ಆ ಮರಳಿನಲ್ಲಿ.

ಕ್ಯಾಂಟರಿನ ಮುಂದಿನದು ನಾಗಾಲೋಟ. ಕ್ಯಾಂಟರಿನಲ್ಲಿ ಒಟ್ಟಿಗೆ ಬೀಳುತ್ತಿದ್ದ ಜೋಡಿ ಇಲ್ಲಿ ಬಿಡಿಯಾಗುತ್ತದೆ. ಮತ್ತೆ ನಾಲ್ಕು ಸದ್ದು, ಆದರೆ ಎಷ್ಟು ಬೇಗ ಎಂದರೆ ಕಿವಿಗೆ ಒಂದೇ ಗುಡುಗು. ಗಂಟೆಗೆ 40 ಕಿಲೋಮೀಟರಿಗೂ ಮೀರಿದ ಈ ಓಟವನ್ನು ಮನುಷ್ಯನ ಕಣ್ಣು ಎಂದೂ ಸರಿಯಾಗಿ ಹಿಡಿಯಲಿಲ್ಲ. ಯುರೋಪಿನ ಚಿತ್ರಕಾರರು ಓಡುವ ಕುದುರೆ ಎಂದರೆ ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಹಾರುವಂತೆ ಬರೆದರು. 1821ರಲ್ಲಿ ಜೆರಿಕೊ ಬರೆದ ಎಪ್ಸಮ್ ರೇಸಿನ ಚಿತ್ರದಲ್ಲಿ ಕುದುರೆಗಳು ಹಾಗೆಯೇ ಇವೆ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಟವನ್ನು ಬಿಡಿಬಿಡಿಯಾಗಿ ತೆಗೆದ. ಕುದುರೆ ಗಾಳಿಯಲ್ಲಿರುವುದು ನಿಜ, ಆದರೆ ಕಾಲು ಚಾಚಿದಾಗ ಅಲ್ಲ. ನಾಲ್ಕೂ ಕಾಲುಗಳನ್ನು ಹೊಟ್ಟೆಯ ಕೆಳಗೆ ಮುದುಡಿಕೊಂಡಾಗ. ನಾವು ಹಾರಾಟ ಎಂದುಕೊಂಡಿದ್ದ ಕ್ಷಣ ಅದಕ್ಕೆ ಮೈ ಮುದುಡಿಕೊಳ್ಳುವ ಕ್ಷಣವಾಗಿತ್ತು.

ಚಿತ್ರಗಳು ತೋರಿಸದ್ದು ಇನ್ನೂ ಇದೆ. ನಾಗಾಲೋಟದಲ್ಲಿ ಕುದುರೆಗೆ ತನ್ನಿಷ್ಟದಂತೆ ಉಸಿರಾಡಲೂ ಬರುವುದಿಲ್ಲ. ಒಂದು ನೆಗೆತಕ್ಕೆ ಒಂದು ಉಸಿರು, ಕಾಲಿನ ತಾಳಕ್ಕೆ ಶ್ವಾಸ ಕಟ್ಟಿಬೀಳುತ್ತದೆ. ಒಂದೊಂದು ಮುಂಗಾಲೂ ತನ್ನ ಸರದಿಯಲ್ಲಿ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚಿನ ಭಾರವನ್ನು ತಾಳಬೇಕು. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ, ನಮ್ಮ ಕಡೆ ನರ ಎಂದೇ ಕರೆಯುವ ಸ್ನಾಯುರಜ್ಜು ಆ ಭಾರಕ್ಕೆ ರಬ್ಬರಿನಂತೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಹಿಗ್ಗುವ ಮಿತಿಯ ತೀರಾ ಹತ್ತಿರದಲ್ಲೇ ಅದು ಕೆಲಸ ಮಾಡುತ್ತಿರುತ್ತದೆ. ಒಮ್ಮೆ ಹರಿದರೆ ತಿಂಗಳುಗಟ್ಟಲೆ ಬೇಕು, ಕೂಡಿಕೊಂಡರೂ ಮೊದಲಿನಂತಾಗುವುದಿಲ್ಲ. ಇನ್ನು ಗಟ್ಟಿ ಡಾಂಬರು ರಸ್ತೆ, ಕಾಲಿಗೆ ಕಬ್ಬಿಣದ ಲಾಳ, ಹಿಂದೆ ಗಾಡಿ ಎಂದರೆ ಹೇಳುವುದೇ ಬೇಡ.

ಇದನ್ನು ಓದುತ್ತಿದ್ದಾಗಲೇ ನನಗೆ ಚಾಚಾನ ಮಾತು ನೆನಪಾದದ್ದು. ಚಿಕ್ಕವನಿದ್ದಾಗ ಟಾಂಗಾದ ಮುಂದುಗಡೆ ಅವರ ಪಕ್ಕ ಕೂತು, “ಚಾಚಾ, ಜೋರ್ ಓಡಸು” ಎಂದು ಗೋಗರೆಯುತ್ತಿದ್ದೆ. “ಟಾಂಗಾದ ಕುದುರಿಗೆ ಕುಕ್ಕುಲೋಟ ಅಷ್ಟ ನೋಡಪಾ. ಅದರ ಮ್ಯಾಲ ಕೇಳಬಾರದು,” ಎನ್ನುತ್ತಿದ್ದರು. ಕುಕ್ಕುಲೋಟದಲ್ಲಿ ಎರಡೂ ಕಡೆ ಭಾರ ಸಮ, ಗಾಡಿ ಓಲಾಡುವುದಿಲ್ಲ, ಕುದುರೆ ಬಹಳ ಹೊತ್ತು ದಣಿಯುವುದಿಲ್ಲ ಎಂಬುದು ನನಗೆ ಈಗ ಗೊತ್ತು. ಕೇಳಬಾರದು ಎನ್ನುತ್ತಿದ್ದ ಮನುಷ್ಯ ಒಂದು ರಾತ್ರಿ ಕೇಳಿದ್ದರು. ನನಗಾಗಿ.

ಮುಂದಿನ ಸಲ ಊರಿಗೆ ಹೋದಾಗ ಚಾಚಾನ ಮಗನನ್ನು ಹುಡುಕಿಕೊಂಡು ಹೋದೆ. ಚಾಚಾ ತೀರಿಹೋಗಿ ವರ್ಷಗಳಾಗಿವೆ, ಟಾಂಗಾಗಳು ಹೋಗಿ ಆಟೋ ಬಂದಿವೆ, ಅವರೂ ಆಟೋ ಓಡಿಸಿ ಈಗ ಮನೆಯಲ್ಲಿದ್ದಾರೆ. “ಭಾಯ್, ಆ ರಾತ್ರಿ ಓಡಿದ ಕುದುರಿ ಏನಾತು?” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನವೇ ಮುಂಗಾಲು ಊದಿಕೊಂಡಿತಂತೆ. ಅಬ್ಬಾ ದಿನಕ್ಕೆರಡು ಸಲ ಕಾಲುವೆಯ ತಣ್ಣೀರಿನಲ್ಲಿ ನಿಲ್ಲಿಸಿ ನೋಡಿದರಂತೆ. ಊತ ಇಳಿಯಿತು, ಕುಂಟು ಹೋಗಲಿಲ್ಲ. ಸಾಲ ಮಾಡಿ ಇನ್ನೊಂದು ಕುದುರೆ ತಂದರು. ನಾನು ಪಕ್ಕ ಕೂತು ಓಡಿಸು ಎಂದು ಕಾಡುತ್ತಿದ್ದದ್ದು ಆ ಎರಡನೆಯ ಕುದುರೆಯನ್ನು. ಮೊದಲಿನದನ್ನು ಮಾರಿಬಿಡು ಎಂದು ಎಲ್ಲರೂ ಹೇಳಿದರು. ಅಬ್ಬಾ ಮಾರಲಿಲ್ಲ. ಹಿತ್ತಲಿನಲ್ಲಿ ಕಟ್ಟಿ, ದುಡಿಯುವ ಕುದುರೆಗೆ ಬೇಯಿಸಿದ ಹುರುಳಿಯಲ್ಲೇ ಅದಕ್ಕೂ ಪಾಲು ಹಾಕಿ, ಆರು ವರ್ಷ ಸಾಕಿದರು. “ನಮ್ಮ ಅಮ್ಮ ಜಗಳಾ ಮಾಡತಿದ್ಲು. ಮಂದಿ ಹೊಟ್ಟಿಗೇ ಇಲ್ಲ, ಕುಂಟ್ ಕುದುರಿಗೆ ಹಾಕ್ತೀಯಲ್ಲ ಅಂತ. ಅಬ್ಬಾ ಏನೂ ಅಂತಿದ್ದಿಲ್ಲ,” ಎಂದರು. ಇದೆಲ್ಲ ನಮ್ಮ ಮನೆಯವರಿಗೆ ಗೊತ್ತಿತ್ತೇ ಎಂದು ಕೇಳಿದೆ. “ಹೆಂಗ್ ಹೇಳಾದು? ಹೇಳಿದ್ರ ರೊಕ್ಕ ಕೇಳಿದಂಗ ಆಗತಿತ್ತು.”

ಅಲ್ಲಿಂದ ಹಂಪಿಗೆ ಹೋದೆ. ಹಜಾರರಾಮ ದೇಗುಲದ ಹೊರಗೋಡೆಯ ಮೇಲೆ ಆನೆಗಳ ಸಾಲು, ಕುದುರೆಗಳ ಸಾಲು. ಆಳುಗಳು ಕುದುರೆಗಳನ್ನು ಹಿಡಿದು ನಡೆಸುತ್ತಿದ್ದಾರೆ. ಮಹಾನವಮಿ ದಿಬ್ಬದ ಮೇಲೂ ಕುದುರೆಗಳು, ಅವುಗಳನ್ನು ತಂದ ಪರದೇಶಿಗಳು. ವಿಠ್ಠಲ ದೇಗುಲದ ಕಲ್ಲಿನ ತೇರಿನ ಮುಂದೆ ಈಗ ಆನೆಗಳಿವೆ. ಹಿಂದಕ್ಕೆ ಸರಿದು ನೋಡಿದರೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲದ ಗುರುತು ಕಾಣುತ್ತದೆ. ಇಷ್ಟೊಂದು ಕುದುರೆ ಕಡೆದ ಊರಿನ ಕುದುರೆ ಲೆಕ್ಕವನ್ನು 1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನಂತೆ. ಅದಕ್ಕೂ ಮೊದಲು ಸಾಳುವ ನರಸಿಂಹನ ಕಾಲದಲ್ಲಿ ಹಾರ್ಮುಜ್, ಏಡನ್‌ಗಳಿಂದ ಹಡಗಿನಲ್ಲಿ ಬರುವ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದರಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯೇ ಸಿಗುತ್ತಿತ್ತು.

ಇದನ್ನು ರಾಜನ ಔದಾರ್ಯ ಎಂದು ಓದಬಹುದು. ವ್ಯಾಪಾರಿಗಳು ಬರುವುದು ನಿಲ್ಲಿಸಬಾರದು ಎಂಬ ಲೆಕ್ಕಾಚಾರ ಎಂದೂ ಓದಬಹುದು. ನನಗೆ ಕಂಡದ್ದು ಇಷ್ಟು: ಬೆಲೆ ಪೂರ್ತಿ ಸಂದಿದೆ, ಆದರೆ ಸಂದದ್ದು ಬಾಲ ತಂದವನಿಗೆ. ಬಾಲ ಕಳೆದುಕೊಂಡದ್ದಕ್ಕೆ ಏನೂ ಸಂದಿಲ್ಲ. ಬಾಡಿಗೆ ಕೊಡಲು ಹೋದ ನಮ್ಮ ಅಪ್ಪನ ಕೈಯೂ ಚಾಚಾನ ಕಡೆಗೇ ಚಾಚಿತ್ತು. ಚಾಚಾ ಅದನ್ನು ಮುಟ್ಟದೆ ಇದ್ದುದರ ಅರ್ಥ ಒಳ್ಳೆಯತನ ಎಂದಷ್ಟೇ ನಾವು ತಿಳಿದೆವು. ಆ ದುಡ್ಡು ತಮಗೆ ಸೇರಬೇಕಾದ್ದಲ್ಲ ಎಂದೂ ಅವರಿಗೆ ಅನ್ನಿಸಿತ್ತೇನೋ.

ಕಠೋಪನಿಷತ್ತಿನಲ್ಲಿ ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಈ ರೂಪಕವನ್ನು ಕೇಳಿಯೇ ನಾವು ಬೆಳೆದವರು. ನಮ್ಮೊಳಗಿನದನ್ನು ತಿಳಿಯಲು ಅದು ದೊಡ್ಡ ದಾರಿ. ಆದರೆ ರೂಪಕದ ಕುದುರೆಯನ್ನು ಬಿಗಿಹಿಡಿಯುವುದೇ ವಿವೇಕ ಎಂದು ಕಲಿತ ಕೈ ನಿಜವಾದ ಕುದುರೆಯ ಬಾಯಿಯನ್ನು ಸೀಳುತ್ತದೆ. ನಿಜವಾದ ಕುದುರೆಗೆ ಅದರದೇ ಹೆದರಿಕೆ ಇದೆ, ಅದರದೇ ಉಸಿರಿದೆ.

1797ರಲ್ಲಿ ಕಾಂಟ್ ಬರೆದ ನೀತಿಗ್ರಂಥದಲ್ಲಿ ಮುದಿ ಕುದುರೆಯ ಪ್ರಸ್ತಾಪವಿದೆ. ಬಹುಕಾಲ ದುಡಿದ ಕುದುರೆಗೋ ನಾಯಿಗೋ ಕೃತಜ್ಞತೆ ತೋರುವುದು ನಮ್ಮ ಕರ್ತವ್ಯವೇ, ಆದರೆ ಅದು ನಿಜದಲ್ಲಿ ನಮಗೆ ನಾವೇ ಸಲ್ಲಿಸಬೇಕಾದ ಕರ್ತವ್ಯ ಎಂಬುದು ಅವನ ನಿಲುವು. ಪ್ರಾಣಿಯ ವಿಷಯದಲ್ಲಿ ಕಲ್ಲಾದ ಮನಸ್ಸು ಮನುಷ್ಯರ ವಿಷಯದಲ್ಲೂ ಕಲ್ಲಾಗುತ್ತದೆ ಎಂಬ ಕಾಳಜಿ ಅದರ ಹಿಂದಿದೆ. ಓದಿದಾಗ ಒಪ್ಪಿಗೆಯಾಗಿತ್ತು. ಚಾಚಾನ ಹಿತ್ತಲನ್ನು ನೋಡಿ ಬಂದ ಮೇಲೆ ಒಪ್ಪಲು ಆಗುತ್ತಿಲ್ಲ. ಹುರುಳಿ ಹಾಕಿದ ಮನುಷ್ಯ ತನ್ನ ಮನಸ್ಸನ್ನು ಮೆತ್ತಗಾಗಿಸಿಕೊಳ್ಳುತ್ತಿದ್ದ ಎಂದು ನನಗನ್ನಿಸುವುದಿಲ್ಲ. ಅವನು ಸಾಲ ತೀರಿಸುತ್ತಿದ್ದ. ಸಾಲ ಕೊಟ್ಟದ್ದು ಎದುರಿಗೇ ಕುಂಟುತ್ತ ನಿಂತಿತ್ತು.

ಹಾಗಾದರೆ ಆ ರಾತ್ರಿ ಓಡಿಸಿದ್ದು ತಪ್ಪೇ? ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಓಡಿಸದಿದ್ದರೆ ಹೇಳಲು ಈ ಬಾಯಿಯೇ ಇರುತ್ತಿರಲಿಲ್ಲ. ಇದು ನನ್ನ ಸ್ವಾರ್ಥವೂ ಇರಬಹುದು ಎಂದು ಒಪ್ಪುತ್ತೇನೆ. ಆದರೆ ಸರಿಯಾದ ಕೆಲಸ ಮಾಡಿದ ಮಾತ್ರಕ್ಕೆ ಸಾಲ ಮುಗಿಯುವುದಿಲ್ಲ ಎಂಬುದು ಚಾಚಾನಿಗೆ ಗೊತ್ತಿತ್ತು. ಕುದುರೆಯ ನಡೆಗಳನ್ನು ಚೆನ್ನಾಗಿ ತಿಳಿದವನಾದ್ದರಿಂದಲೇ ದಿನಾ ಕುಕ್ಕುಲೋಟಕ್ಕಿಂತ ಹೆಚ್ಚು ಕೇಳಲಿಲ್ಲ. ಕೇಳಲೇಬೇಕಾದ ರಾತ್ರಿ ಏನು ಕೇಳುತ್ತಿದ್ದೇನೆ ಎಂಬ ಅರಿವಿತ್ತು. ಕೇಳಿದ ಮೇಲೆ ಆರು ವರ್ಷ ಅದರ ಜೊತೆಗಿದ್ದ. ಅರಿವಿಲ್ಲದೆ ವೇಗ ಕೇಳಿದ್ದು ನಾನು. ಕುದುರೆಯ ಮೇಲೆ ಮಾತ್ರವಲ್ಲ. ಹತ್ತು ನಿಮಿಷಕ್ಕೆ ಮನೆಬಾಗಿಲಿಗೆ ಊಟ ತರುವ ಹುಡುಗನಿಂದಲೂ ಕೇಳುತ್ತೇನೆ. ಅವನ ಉಸಿರು ಯಾವ ತಾಳಕ್ಕೆ ಕಟ್ಟಿದೆ ಎಂದು ನೋಡದೆ, ಬಿಲ್ಲು ಕೊಟ್ಟು ಬಾಗಿಲು ಹಾಕಿಕೊಳ್ಳುತ್ತೇನೆ.

ಸವಾರಿ ಬಿಟ್ಟಿಲ್ಲ. ಕ್ಯಾಂಟರಿನಲ್ಲಿ ಈಗ ಕಾಲು ಸಡಿಲ ಬಿಡುತ್ತೇನೆ, ಲಗಾಮು ಕುದುರೆಯ ತಲೆಯಾಟದ ಜೊತೆ ಹೋಗಿ ಬರುತ್ತದೆ. ನಾಗಾಲೋಟ ಇನ್ನೂ ಕೇಳಿಲ್ಲ.

ಊರಿನಿಂದ ಹೊರಡುವ ಮುನ್ನ ಅಮ್ಮನಿಗೆ ಎಲ್ಲ ಹೇಳಿದೆ. ಎಂಬತ್ತರ ಹತ್ತಿರ ಬಂದಿದ್ದಾಳೆ, ಕಿವಿ ಮಂದ, ಎರಡು ಸಲ ಹೇಳಬೇಕಾಯಿತು. ಕೇಳಿ ಬಹಳ ಹೊತ್ತು ಸೆರಗಿನ ಅಂಚನ್ನು ತಿಕ್ಕುತ್ತ ಕೂತಳು. ಕೊನೆಗೆ, “ಅಲ್ಲೇ ಓಣ್ಯಾಗ ಇತ್ತಲ್ಲೋ. ಗೊತ್ತಿದ್ರ ಒಂದ್ ಹೊರಿ ಹುಲ್ಲರ ಕಳಸ್ತಿದ್ವಲ್ಲೋ,” ಎಂದಳು.